ದೋರಸಮುದ್ರದಲ್ಲಿ ಒಂದು ದಿನ: ರಾಜಧಾನಿಯನ್ನು ನೋಡುವ ಬಗೆ

ಸಕಲೇಶಪುರ, ಆಲೂರುಗಳ ಗುಡ್ಡಗಾಡಿನ ಶಾಲೆಗಳಿಂದ ಚಳಿಗಾಲ ಬಂತೆಂದರೆ ಪ್ರವಾಸದ ಬಸ್ಸುಗಳು ಬೇಲೂರು ಹಳೇಬೀಡುಗಳಿಗೆ ಹೊರಡುವುದು ವಾಡಿಕೆ. ಈಚೆಗೆ ಇಂಥದೊಂದು ತಂಡದಲ್ಲಿ ನಾನೂ ಹೋಗಿದ್ದೆನು. ಬಹುಮಟ್ಟಿಗೆ ಎಲ್ಲರೂ ಉಪಾಧ್ಯಾಯರೇ. ಬೆಳಿಗ್ಗೆ ಮಂಜು ಹರಿಯುವ ಮೊದಲೇ ಹೇಮಾವತಿಯ ದಂಡೆಯನ್ನು ಬಿಟ್ಟು, ಬೇಲೂರಿನಲ್ಲಿ ಕೇಶವನ ದರ್ಶನ ಮಾಡಿಕೊಂಡು, ಹೊತ್ತು ನೆತ್ತಿಗೇರುವಷ್ಟರಲ್ಲಿ ಹಳೇಬೀಡನ್ನು ಸೇರಿದೆವು. ಅಲ್ಲಿ ಒಬ್ಬ ಮಾರ್ಗದರ್ಶಕರನ್ನು ಗೊತ್ತುಮಾಡಿಕೊಂಡೆವು.

ಆತನು ಸಜ್ಜನನು, ಮಾತುಗಾರನು. ಸುಮಾರು ಒಂದು ಗಂಟೆಯ ಹೊತ್ತು ಹೊಯ್ಸಳೇಶ್ವರನ ಗುಡಿಯ ಸುತ್ತ ನಮ್ಮನ್ನು ನಡೆಸಿದನು. ಆನೆಗಳ ಸಾಲು, ಸಿಂಹಗಳ ಸಾಲು, ಕುದುರೆಗಳ ಸಾಲು, ರಾಮಾಯಣ ಭಾರತಗಳ ಕಥೆಗಳು ಎಲ್ಲವನ್ನೂ ಬೆರಳಿಟ್ಟು ತೋರಿಸಿದನು. ಸಳನು ಹುಲಿಯನ್ನು ಕೊಂದ ಕಥೆಯನ್ನೂ ಜಕಣಾಚಾರಿಯ ಕಥೆಯನ್ನೂ ಹೇಳಿದನು. ಕೊನೆಗೆ, ೧೩೧೧ರಲ್ಲಿ ಮಲಿಕ್ ಕಾಫರನ ದಂಡು ಬಂದಿತು, ಎಲ್ಲವೂ ಹಾಳಾಯಿತು ಎಂದು ಕೈ ಮುಗಿದನು. ಅಲ್ಲಿಗೆ ನಮ್ಮ ರಾಜಧಾನಿಯ ದರ್ಶನವು ಮುಗಿದಂತಾಯಿತು. ಎಲ್ಲರೂ ಬಸ್ಸಿನ ಕಡೆಗೆ ತಿರುಗಿದರು.

ಆಗ ಆಲೂರಿನ ಕಡೆಯ ಒಬ್ಬ ಹಿರಿಯ ಮೇಷ್ಟ್ರು ಕೇಳಿದರು: "ಸ್ವಾಮಿ, ಇದು ರಾಜಧಾನಿ ಎಂದಿರಿ. ಗುಡಿಯನ್ನೇನೋ ಕಂಡೆವು. ಊರೆಲ್ಲಿ?" ಮಾರ್ಗದರ್ಶಕನು ನಕ್ಕು, "ಮೇಷ್ಟ್ರೇ, ಅದನ್ನು ಯಾರೂ ಕೇಳುವುದಿಲ್ಲವಲ್ಲ!" ಎಂದನು.

ವಾಚಕರೇ, ಆ ಉತ್ತರವು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ನಾಟಿತು. ಆತನು ಸುಳ್ಳನ್ನು ಹೇಳಲಿಲ್ಲ. ತಪ್ಪು ಆತನದೂ ಅಲ್ಲ. ಕೇಳದ ನಮ್ಮದು.

ಊರೆಲ್ಲಿ? ಗುಡಿಯ ಮಗ್ಗುಲಲ್ಲಿ ಹರಡಿರುವ ವಿಶಾಲವಾದ ಕೆರೆಯೇ ಮೊದಲ ಉತ್ತರ. ದೋರಸಮುದ್ರವೆಂದು ಊರಿಗೆ ಹೆಸರನ್ನು ಕೊಟ್ಟದ್ದೇ ಆ ನೀರು. ಹೊಯ್ಸಳರು ಮಲೆಯಿಂದಿಳಿದು ಇಲ್ಲಿ ನೆಲೆಸುವುದಕ್ಕೆ ಮುಂಚೆಯೇ ಕಟ್ಟಿದ ಕೆರೆಯದು. ನೀರಿಲ್ಲದೆ ರಾಜಧಾನಿಯುಂಟೆ? ಊರಿನ ಸುತ್ತ ಕೋಟೆಯ ಗೋಡೆಯ ಕುರುಹುಗಳು ಇಂದಿಗೂ ಉಳಿದಿವೆ. ತುಸು ದೂರ ನಡೆದರೆ, ೧೨೧೯ರಲ್ಲಿ ಇಮ್ಮಡಿ ಬಲ್ಲಾಳನೂ ಅವನ ರಾಣಿ ಕೇತಲದೇವಿಯೂ ಕಟ್ಟಿಸಿದ ಕೇದಾರೇಶ್ವರ. ಅದರ ಸಮೀಪದಲ್ಲಿಯೇ ಬಸ್ತಿಹಳ್ಳಿಯ ಜಿನಾಲಯಗಳು. ಅವುಗಳಲ್ಲಿ ಪಾರ್ಶ್ವನಾಥನ ಬಸದಿಯನ್ನು ತಲಕಾಡನ್ನು ಗೆದ್ದ ದಂಡನಾಯಕ ಗಂಗರಾಜನ ನೆನಪಿಗಾಗಿ ಆತನ ಮಗ ಬೊಪ್ಪನು ೧೧೩೩ರಲ್ಲಿ ಕಟ್ಟಿಸಿದನು. ಅಲ್ಲಿಯ ಕಂಬಗಳು ಇಂದಿಗೂ ಕನ್ನಡಿಯಂತೆ ಹೊಳೆಯುತ್ತವೆ. ಇನ್ನೂ ಮುಂದೆ ಹುಲಿಕೆರೆಯ ಕಲ್ಯಾಣಿ, ಮೆಟ್ಟಿಲುಗಳ ನಡುನಡುವೆ ಚಿಕ್ಕ ಚಿಕ್ಕ ಗುಡಿಗಳು. ಶಿವಾಲಯವೂ ಜಿನಾಲಯವೂ ಒಂದೇ ಕೋಟೆಯೊಳಗೆ, ಒಬ್ಬನೇ ಅರಸನ ಕಾಲದಲ್ಲಿ ಎದ್ದು ನಿಂತವು. ಅದೇ ಅರಸನು ಬೇಲೂರಿನಲ್ಲಿ ವಿಷ್ಣುವಿಗೆ ಗುಡಿಯನ್ನು ಕಟ್ಟಿಸಿದನು. ಇದನ್ನೆಲ್ಲ ಬಿಟ್ಟು ಒಂದೇ ಗುಡಿಯನ್ನು ನೋಡಿ ಬಂದವನು ರಾಜಧಾನಿಯನ್ನು ಕಂಡೆನೆಂದು ಹೇಗೆ ಹೇಳಿಯಾನು?

ಆ ಗುಡಿಯಲ್ಲಿಯಾದರೂ ನಾವು ಏನನ್ನು ಕಂಡೆವು? ಹೊಯ್ಸಳೇಶ್ವರನ ದಕ್ಷಿಣಕ್ಕೆ ಒಂದು ಕಂಬವಿದೆ. ಇಮ್ಮಡಿ ಬಲ್ಲಾಳನು ತೀರಿಕೊಂಡಾಗ, ಕುವರ ಲಕ್ಷ್ಮನು ತಾನಿತ್ತ ಭಾಷೆಯಂತೆ ಹೆಂಡತಿ ಸುಗ್ಗಲದೇವಿಯೊಡನೆಯೂ ತನ್ನ ಲೆಂಕರೊಡನೆಯೂ ಪ್ರಾಣವನ್ನು ಬಿಟ್ಟ ಸಂಗತಿಯನ್ನು ಅದರ ಮೇಲೆ ಕನ್ನಡದಲ್ಲಿ ಕೊರೆದಿದ್ದಾರೆ. ಅಂಥ ಸಾವನ್ನು ಇಂದು ನಾವು ಒಪ್ಪಬೇಕಾಗಿಲ್ಲ. ಆದರೆ ಕೊಟ್ಟ ಮಾತಿಗೆ ಆ ಜನ ಎಷ್ಟು ಬೆಲೆಯನ್ನು ಕಟ್ಟುತ್ತಿದ್ದರೆಂಬುದನ್ನು ಆ ಕಂಬವು ತನ್ನ ನುಡಿಯಲ್ಲಿಯೇ ಹೇಳುತ್ತಿದೆ. ನಮ್ಮ ತಂಡದಲ್ಲಿ ಇಪ್ಪತ್ತು ಮಂದಿ ಕನ್ನಡ ಓದಬಲ್ಲವರಿದ್ದೆವು. ಒಬ್ಬರೂ ಅದರ ಮುಂದೆ ನಿಲ್ಲಲಿಲ್ಲ.

ಬೇಲೂರಿನಲ್ಲಿಯೂ ಹೀಗೆಯೇ ಆಗಿತ್ತು. ಅಲ್ಲಿಯ ಮದನಿಕೆಯರ ಚೆಲುವನ್ನು ಎಲ್ಲರೂ ಹೊಗಳಿದರು. ಬೊಂಬೆಗಳ ಪೀಠದಲ್ಲಿ ಶಿಲ್ಪಿಗಳು ಕೊರೆದಿಟ್ಟಿರುವ ಹೆಸರುಗಳನ್ನು ಯಾರೂ ಓದಲಿಲ್ಲ. ಜಕಣಾಚಾರಿಯ ಕಥೆ ಜನರ ಬಾಯಲ್ಲಿ ಬೆಳೆದದ್ದು, ಅದು ಇರಲಿ. ಆದರೆ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರನ್ನು ತಾವೇ ಬರೆದಿದ್ದಾರಲ್ಲ! ಗದುಗಿನಿಂದ ಬಂದ ನಾಗೋಜನೂ ಬರೆದಿದ್ದಾನಲ್ಲ! ಗದಗವೆಲ್ಲಿ, ಬೇಲೂರೆಲ್ಲಿ? ೧೯೫೬ರವರೆಗೆ ಗದಗವು ಮುಂಬಯಿಗೆ ಸೇರಿದ್ದಿತು, ಬೇಲೂರು ಮೈಸೂರಿಗೆ. ಸುಮಾರು ಒಂಬೈನೂರು ವರ್ಷಗಳ ಹಿಂದೆ ಉಳಿಯನ್ನು ಹಿಡಿದು ಬಂದ ಆ ಶಿಲ್ಪಿಗೆ ತಾನು ಪರನಾಡಿಗೆ ಬಂದೆನೆಂದು ತೋರಿರಲಾರದು. ಒಂದೇ ನುಡಿ, ಒಂದೇ ಕಸುಬು, ಒಂದೇ ಲಿಪಿ. ಅದೇ ದಾರಿಯಲ್ಲಿ ಮುಂದೆ ಇಮ್ಮಡಿ ಬಲ್ಲಾಳನು ಉತ್ತರಕ್ಕೆ ಹೋಗಿ, ಸೇವುಣರನ್ನು ಸೋಲಿಸಿ, ಲೊಕ್ಕಿಗುಂಡಿಯಲ್ಲಿ ಬೀಡುಬಿಟ್ಟನು. ಕನ್ನಡ ನಾಡಿನ ಏಕೀಕರಣಕ್ಕೆ ಸಾಕ್ಷಿ ಬೇಕೆಂದು ನಮ್ಮ ಹಿರಿಯರು ಗ್ರಂಥಗಳಲ್ಲಿ ಹುಡುಕಿದರು. ಆ ಸಾಕ್ಷಿಯು ಬೇಲೂರಿನ ಬೊಂಬೆಗಳ ಕಾಲಡಿಯಲ್ಲಿಯೇ ಇದೆ.

ಮಲೆನಾಡಿನವರಾದ ನಮಗಂತೂ ಈ ರಾಜಧಾನಿಯು ಪರರ ಊರಲ್ಲ. ಹೊಯ್ಸಳರು ಹುಟ್ಟಿದ ಸೊಸೆವೂರು ಎಂದರೆ ಇಂದಿನ ಅಂಗಡಿ, ನಮ್ಮ ನೆರೆಯ ಮೂಡಿಗೆರೆ ತಾಲ್ಲೂಕಿನ ಹಳ್ಳಿ. ಚಕ್ರವರ್ತಿಗಳಿಗೆ ಸಮನಾಗಿ ಬೆಳೆದ ಮೇಲೆಯೂ ಅವರು ತಮ್ಮ ಹಳೆಯ ಬಿರುದನ್ನು ಬಿಡಲಿಲ್ಲ: ಮಲೆಪರೊಳ್ ಗಂಡ, ಬೆಟ್ಟದ ನಾಯಕರೊಳಗೆ ಗಂಡು. ಮಂಜರಾಬಾದಿನ ಕೋಟೆಯ ಮೇಲೆ ನಿಂತರೆ ಕಾಣುವ ಗುಡ್ಡಗಳಂಥವೇ ಆ ಬಿರುದನ್ನು ಅವರಿಗೆ ಕೊಟ್ಟವು. ಈ ಬೆಟ್ಟಗಳ ಮಕ್ಕಳಿಗೆ ಹಳೇಬೀಡನ್ನು ತೋರಿಸುವಾಗ, "ಇದು ನಿಮ್ಮ ಕಡೆಯವರೇ ಇಳಿದು ಬಂದು ಕಟ್ಟಿದ ಊರು" ಎಂಬ ಒಂದು ಮಾತನ್ನು ಹೇಳಬಾರದೆ?

ಇನ್ನು ಉಪಾಧ್ಯಾಯರಿಗೆ ಒಂದು ಮಾತು. ಜನ್ನನು ಯಶೋಧರ ಚರಿತೆಯನ್ನು ೧೨೦೯ರಲ್ಲಿ ಮುಗಿಸಿದ್ದು ಇಮ್ಮಡಿ ಬಲ್ಲಾಳನ ಆಸ್ಥಾನ ಕವಿಯಾಗಿ. ಅವನ ಸೋದರಳಿಯ ಕೇಶಿರಾಜನು ಬರೆದುದು ಶಬ್ದಮಣಿದರ್ಪಣ. ತರಗತಿಯಲ್ಲಿ ನಾವು ಸಂಧಿ ಸಮಾಸಗಳನ್ನು ಹೇಳಿಕೊಡುವಾಗಲೆಲ್ಲ ಆ ಮನೆತನದ ಋಣವನ್ನು ತೀರಿಸುತ್ತಿರುತ್ತೇವೆ. ಆದರೂ ಆ ಅರಸರ ರಾಜಧಾನಿಯಲ್ಲಿ ನಿಂತಾಗ ಜನ್ನನ ಹೆಸರಾಗಲಿ ಕೇಶಿರಾಜನ ಹೆಸರಾಗಲಿ ನಮ್ಮಲ್ಲೊಬ್ಬರ ಬಾಯಿಗೂ ಬರಲಿಲ್ಲ!

೧೩೧೧ರ ಮಾತಿಗೂ ಒಂದು ತಿದ್ದುಪಡಿ ಬೇಕು. ಆ ದಾಳಿಯಿಂದ ಎಲ್ಲವೂ ಮುಗಿಯಲಿಲ್ಲ. ಮುಮ್ಮಡಿ ಬಲ್ಲಾಳನು ಅನಂತರವೂ ಸುಮಾರು ಮೂವತ್ತು ವರ್ಷ ಆಳಿದನು, ಹೋರಾಡಿದನು, ಕೊನೆಗೆ ಮಧುರೆಯ ಸುಲ್ತಾನರೊಡನೆ ಕಾದಾಡುತ್ತ ಮಡಿದನು. ಆ ಹೊತ್ತಿಗೆ ತುಂಗಭದ್ರೆಯ ದಡದಲ್ಲಿ ವಿಜಯನಗರವು ತಲೆಯೆತ್ತುತ್ತಿದ್ದಿತು. ಕಥೆಯನ್ನು ಹಾಳಿನಲ್ಲಿಯೇ ಮುಗಿಸಿದರೆ ಕೇಳುವವರ ಮನಸ್ಸಿನಲ್ಲಿ ನಿಟ್ಟುಸಿರೊಂದೇ ಉಳಿಯುತ್ತದೆ.

ಒಂದು ದಿನದ ನೋಟದಿಂದ ಆಗುವುದೇನು ಎಂದು ಕೇಳುವವರುಂಟು. ಅವರಿಗೆ ಆ ವಿಜಯನಗರದ ನೆಲವೇ ಉತ್ತರವನ್ನು ಕೊಟ್ಟಿದೆ. ೧೯೦೫ರಲ್ಲಿ ಆಲೂರು ವೆಂಕಟರಾಯರು ಆನೆಗುಂದಿಯ ಕಡೆಗೆ ಹೋಗಿ ಆ ಹಾಳು ರಾಜಧಾನಿಯನ್ನು ಕಂಡರು. ಅವರು ಧಾರವಾಡದವರು, ಎಂದರೆ ಮುಂಬಯಿ ಆಧಿಪತ್ಯದ ಪ್ರಜೆ. ಅವರು ನಿಂತ ಆನೆಗುಂದಿಯು ನಿಜಾಮನ ಸೀಮೆ. ಹೊಳೆಯ ಆಚೆಗಿದ್ದ ಹಂಪೆಯು ಮದರಾಸಿನದು. ಒಂದೇ ರಾಜಧಾನಿ, ಒಂದೇ ಹೊಳೆ, ಒಂದೇ ಕನ್ನಡ; ಆದರೆ ಒಡೆಯರು ಬೇರೆ ಬೇರೆ! ಆ ನೋಟವು ಅವರ ಬಾಳನ್ನೇ ತಿರುಗಿಸಿತು. ೧೯೧೭ರಲ್ಲಿ ಕರ್ನಾಟಕ ಗತವೈಭವವು ಹೊರಬಂದಿತು. ಮುಂದೆ ನಾಲ್ಕು ದಶಕಗಳು ಸಂದ ಮೇಲೆ, ೧೯೫೬ನೆಯ ನವೆಂಬರ್ ೧ರಂದು ನಾಡು ಒಂದಾಯಿತು. ೧೯೭೩ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು.

ಹಾಗಾದರೆ ಕೆಲಸವು ಮುಗಿಯಿತೆ? ಕಾಸರಗೋಡು ಹೊರಗುಳಿಯಿತು, ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡಿಗರು ಹೊರಗುಳಿದರು. ಒಳಗಿರುವ ನಾವೋ, ನಕಾಶೆಯಲ್ಲಿ ಒಂದಾದೆವು, ಮನಸ್ಸಿನಲ್ಲಿ ಇನ್ನೂ ಒಂದಾಗಬೇಕಾಗಿದೆ. ಗದಗದ ಮಗುವಿಗೆ ಹಳೇಬೀಡು ತನ್ನದೆಂದು ತೋರಬೇಕು. ಸಕಲೇಶಪುರದ ಮಗುವಿಗೆ ಲಕ್ಕುಂಡಿ ತನ್ನದೆಂದು ತೋರಬೇಕು. ೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಜಗತ್ತೇ ನಮ್ಮ ಮನೆಯನ್ನು ನೋಡಲು ಬರುತ್ತಿರುವಾಗ ಮನೆಯವರೇ ಮನೆಯ ಬರಹವನ್ನು ಓದಲಾರೆವೆಂದರೆ ಅದು ನಾಚಿಕೆಗೇಡಲ್ಲವೆ?

ಮಾರ್ಗದರ್ಶಕರ ಪರವಾಗಿಯೂ ಹೇಳಬೇಕಾದುದುಂಟು. ಅವರ ಹೊಟ್ಟೆಪಾಡು ಬಂದವರ ಅವಸರವನ್ನು ನಂಬಿದೆ. ಒಂದು ಗಂಟೆಯ ಕೂಲಿಗೆ ಮುನ್ನೂರು ವರ್ಷಗಳ ಚರಿತ್ರೆಯನ್ನು ಕೇಳುವುದು ನ್ಯಾಯವಲ್ಲ. ಆದುದರಿಂದ ಕೊಡುವ ಹಣವನ್ನೂ ಹೊತ್ತನ್ನೂ ನಾವೇ ಹೆಚ್ಚಿಸಬೇಕು. ಅವರಿಗೆ ಶಿಕ್ಷಣವನ್ನೂ ಅನುಮತಿಯನ್ನೂ ಕೊಡುವವರು ಒಂದು ಶಾಸನವನ್ನಾದರೂ ಕಲ್ಲಿನ ಮುಂದೆ ನಿಂತು ಓದಲು ಅವರಿಗೆ ಕಲಿಸತಕ್ಕದ್ದು. ಶಾಲೆಗಳು ಹೊರಡುವ ವಾರದಲ್ಲಿ ಹಳಗನ್ನಡದ ಅಕ್ಷರಗಳನ್ನು ಹಲಗೆಯ ಮೇಲೆ ಬರೆದು ತೋರಿಸತಕ್ಕದ್ದು. ಹಳೇಬೀಡಿನಲ್ಲಿ ಮೊದಲು ಕೆರೆ, ಆಮೇಲೆ ಕೋಟೆ, ಬಸದಿ, ಕಲ್ಯಾಣಿ, ಕೊನೆಗೆ ಹೊಯ್ಸಳೇಶ್ವರ. ಈ ಕ್ರಮದಲ್ಲಿ ನಡೆದರೆ ಗುಡಿಯ ಹಿರಿಮೆಯೇನೂ ಕುಗ್ಗದು. ಅದು ಇಡೀ ಪಟ್ಟಣವೊಂದರ ನಡುವೆ ನಿಂತದ್ದೆಂಬ ತಿಳಿವು ಮಾತ್ರ ಮೂಡುವುದು.

ನಮ್ಮ ಬಸ್ಸು ಆ ಸಂಜೆ ಹಿಂದಿರುಗುವಾಗ ಆಲೂರಿನ ಆ ಮೇಷ್ಟ್ರು ಬರುವ ವರ್ಷ ಮತ್ತೆ ಬರೋಣವೆಂದರು. ಮಕ್ಕಳನ್ನು ಕರೆದುಕೊಂಡು, ಕೆರೆಯ ಏರಿಯಿಂದಲೇ ಹೊರಡೋಣವೆಂದರು. ಎಲ್ಲರೂ ಒಪ್ಪಿದ್ದೇವೆ. ಇತರ ಶಾಲೆಗಳವರೂ ಹೀಗೆಯೇ ಮಾಡಲಿ. ಊರೆಲ್ಲಿ ಎಂದು ಕೇಳುವ ಒಂದು ಮಗು ಪ್ರತಿಯೊಂದು ಬಸ್ಸಿನಲ್ಲಿಯೂ ಇರಲಿ.