ಕಾಡಂಚಿನ ಕರೆಗೆ ಓಗೊಟ್ಟ ಕೃತಿ ಕಾರಂತ

ಬೆಂಗಳೂರಿನ ಬನಶಂಕರಿ 6ನೇ ಹಂತಕ್ಕೆ ಅಂಟಿಕೊಂಡಂತಿರುವ ತುರಹಳ್ಳಿ ಕಾಡಿನ ಬಳಿ 2022ರ ಡಿಸೆಂಬರ್‌ನಲ್ಲಿ ಚಿರತೆ ಕಾಣಿಸಿಕೊಂಡಾಗ ಸುತ್ತಲಿನ ಬಡಾವಣೆಗಳ ಜನ ದಿಗಿಲುಬಿದ್ದರು. ದಿಗಿಲು ಸಹಜವೇ. ಬಂಡೀಪುರ, ನಾಗರಹೊಳೆಯ ಅಂಚಿನ ಹಳ್ಳಿಗಳಿಗೆ ಮಾತ್ರ ಅದು ವರ್ಷವಿಡೀ ತಪ್ಪಿದ್ದಲ್ಲ. ಆ ಹಳ್ಳಿಗಳ ಕಷ್ಟಕ್ಕೆ ವನ್ಯಜೀವಿ ಸಂರಕ್ಷಣೆಯಲ್ಲಿ ಜಾಗ ಮಾಡಿಕೊಟ್ಟವರಲ್ಲಿ ಬೆಂಗಳೂರಿನ ವಿಜ್ಞಾನಿ ಕೃತಿ ಕಾರಂತ ಮುಖ್ಯರು.

ಶಿವರಾಮ ಕಾರಂತರ ಮೊಮ್ಮಗಳು, ಹುಲಿ ತಜ್ಞ ಉಲ್ಲಾಸ ಕಾರಂತರ ಮಗಳು. ತಂದೆಯ ಜತೆ ಕಾಡು ಸುತ್ತುತ್ತಲೇ ಬೆಳೆದವರು. ಅಮೆರಿಕದ ಯೇಲ್‌, ಡ್ಯೂಕ್‌ ವಿಶ್ವವಿದ್ಯಾಲಯಗಳಲ್ಲಿ ಓದಿ ಊರಿಗೆ ಮರಳಿದರು. ಹುಲಿಯ ಹೆಜ್ಜೆ ಹಿಡಿದು ಹೋಗುವುದು ಅವರಿಗೆ ಸಲೀಸಾದ ದಾರಿಯಾಗಿತ್ತು. ಆದರೆ ಅವರು ಹೊಲ, ಕೊಟ್ಟಿಗೆಗಳ ಕಡೆ ಹೊರಳಿದರು. ಇದೇ ಹೆಚ್ಚಿನ ಸಾಹಸ.

ಆನೆ ರಾತ್ರೋರಾತ್ರಿ ರಾಗಿ ಹೊಲ ತುಳಿದುಹೋದರೆ ಪರಿಹಾರಕ್ಕೆ ಪಹಣಿ, ಫೋಟೊ, ಅರ್ಜಿ, ಬ್ಯಾಂಕ್‌ ಪಾಸ್‌ಬುಕ್‌ ಎಲ್ಲ ಬೇಕು. ಅರಣ್ಯ ಇಲಾಖೆ ಕಚೇರಿಗೆ ಅಲೆದಷ್ಟೂ ಕೂಲಿ ಹೋಗುತ್ತದೆ. ಎಷ್ಟೋ ರೈತರು ಅರ್ಜಿಯ ಗೊಡವೆಗೇ ಹೋಗುತ್ತಿರಲಿಲ್ಲ. 2015ರಲ್ಲಿ ಕೃತಿ ಆರಂಭಿಸಿದ 'ವೈಲ್ಡ್‌ ಸೇವೆ' ಇದಕ್ಕೊಂದು ಉಚಿತ ಫೋನ್‌ ನಂಬರ್‌ ಕೊಟ್ಟಿತು. ಕರೆ ಮಾಡಿದರೆ ಕಾರ್ಯಕರ್ತರೇ ಹೊಲಕ್ಕೆ ಬಂದು ನಷ್ಟದ ಫೋಟೊ ತೆಗೆದು, ಕಾಗದಪತ್ರ ಜೋಡಿಸಿ, ಇಲಾಖೆಗೆ ಅರ್ಜಿ ಹಾಕಲು ನೆರವಾಗುತ್ತಾರೆ. 600ಕ್ಕೂ ಹೆಚ್ಚು ಹಳ್ಳಿಗಳಿಗೆ ಈ ಸೇವೆ ಹಬ್ಬಿತು. 2018ರಲ್ಲಿ ಕಾಡಂಚಿನ ಶಾಲಾ ಮಕ್ಕಳಿಗಾಗಿ 'ವೈಲ್ಡ್‌ ಶಾಲೆ'ಯೂ ಬಂತು.

2021ರಲ್ಲಿ ಕೃತಿಗೆ 'ವೈಲ್ಡ್‌ ಇನ್ನೋವೇಟರ್‌' ಪ್ರಶಸ್ತಿ ಸಂದಿತು. ಅದನ್ನು ಪಡೆದ ಭಾರತದ, ಏಷ್ಯಾದ ಮೊದಲ ಮಹಿಳೆ ಅವರು.

ಪರಿಹಾರ ಕೊಡುವುದರಿಂದ ಕಾಡು ಉಳಿಯುತ್ತದೆಯೇ ಎಂದು ಕೇಳುವವರಿದ್ದಾರೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ, ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಆ ಕೃತ್ಯಕ್ಕೆ ಕ್ಷಮೆಯಿಲ್ಲ. ಆದರೆ ಹಸು ಕಳೆದುಕೊಂಡವನ ಸಿಟ್ಟು ವಿಷದ ಬಾಟಲಿಗೆ ಕೈಹಾಕುವ ಮೊದಲೇ ಯಾರಾದರೂ ಅವನ ಮನೆಬಾಗಿಲಿಗೆ ಹೋಗಬೇಕು. ವೈಲ್ಡ್‌ ಸೇವೆ ಮಾಡಿ ತೋರಿಸಿರುವ ಈ ಕೆಲಸ ಸರ್ಕಾರದ್ದೇ ಕರ್ತವ್ಯ.

ನಗರಕ್ಕೂ ಇದರಲ್ಲಿ ಪಾಲಿದೆ. ಬಂಡೀಪುರ, ನಾಗರಹೊಳೆಯ ನಡುವೆ ಹರಿಯುವ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿ ಸೇರುತ್ತಾಳೆ. ಬೆಂಗಳೂರಿನ ನಲ್ಲಿಗಳಿಗೆ ನೀರೆತ್ತುವುದು ಅದಕ್ಕೂ ಕೆಳಗೆ. ಈ ಹೊಳೆಗೆ ನೀರುಣಿಸುವ ಕಾಡು ಉಳಿಯಲೆಂದು ಕಾಡಂಚಿನ ರೈತ ಸಹಿಸಿಕೊಂಡ ನಷ್ಟದ ಫಲ ಬನಶಂಕರಿಯ ಮನೆಮನೆಗೂ ಬರುತ್ತಿದೆ. ಹಾಗಾಗಿ ಬೆಳೆ, ಜಾನುವಾರು ನಷ್ಟದ ಪರಿಹಾರಕ್ಕೆ ಗಡುವು ಹಾಕಿ, ತಡವಾದರೆ ಬಡ್ಡಿ ಸೇರಿಸಿ ಕೊಡಿ ಎಂದು ಇಲ್ಲಿನ ಮತದಾರರೂ ತಮ್ಮ ಶಾಸಕರನ್ನು ಕೇಳಬೇಕು.