ಮುತ್ತಿಗೆ ಉತ್ತರದ ಬೆಳಕು

ರಜೆಗೆ ಊರಿಗೆ ಹೊರಡುವ ಮುನ್ನ ಸೂಕ್‌ಗೆ ಒಂದು ಸುತ್ತು ಹೋಗದ ಗಲ್ಫ್ ಕನ್ನಡಿಗರು ಕಡಿಮೆ. ಅಕ್ಕನ ಮಗಳ ಮದುವೆಗೆಂದು ನಾನೂ ಒಂದು ಮುತ್ತಿನ ಸರ ಕೊಂಡಿದ್ದೆ. ಅಂಗಡಿಯಲ್ಲಿ ಹಾಲಿನಂತೆ ಬೆಳ್ಳಗಿದ್ದದ್ದು ಊರಿನ ಅಂಗಳದಲ್ಲಿ ಕೆನೆ ಬಣ್ಣ! "ನಿನಗೆ ಯಾರೋ ಟೋಪಿ ಹಾಕಿದ್ದಾರೆ ಮಾರಾಯ" ಅಂದಳು ಅಕ್ಕ. ಟೋಪಿ ಹಾಕಿದ್ದು ಅಂಗಡಿಯವನಲ್ಲ, ಅವನ ದೀಪ.

ಈ ಗುಟ್ಟು ಚೆನ್ನಾಗಿ ಗೊತ್ತಿರುವ ಊರು ಜಪಾನಿನ ಕೋಬೆ. ಚಿಪ್ಪು ಸಾಕಿ ಬೆಳೆಸಿದ ಕಲ್ಚರ್ಡ್ ಮುತ್ತನ್ನು ವಿಂಗಡಿಸಿ, ಪೋಣಿಸಿ, ಹೊರದೇಶಗಳಿಗೆ ಕಳಿಸುವ ಬಂದರು ಅದು. ಭಾರತೀಯ ಮುತ್ತಿನ ವ್ಯಾಪಾರಿಗಳೂ ಅಲ್ಲಿ ನೆಲೆಸಿದ್ದಾರೆ. ಕಿತಾನೊ ಬಡಾವಣೆಯಲ್ಲಿ ಜೈನ ಬಸದಿಯೇ ಇದೆ. ಊರಿನ ಬೆನ್ನಿಗೆ ರೊಕ್ಕೊ ಬೆಟ್ಟಸಾಲು. ಆ ಕಡೆಯಿಂದ ಉತ್ತರದ ಕಿಟಕಿಗೆ ಬರುವ ಮೆದು ಬೆಳಕಿನಲ್ಲಿ ಮುತ್ತಿನ ಬಣ್ಣ ನೋಡುವುದು ಅಲ್ಲಿನ ಹಳೆಯ ರೂಢಿ.

ನಮ್ಮ ಬಿಳಿ ಎಲ್‌ಇಡಿ ನಿಜವಾಗಿ ಬಿಳಿಯಲ್ಲ. ನೀಲಿ ಬೆಳಕಿನ ಚಿಪ್ ಮೇಲೆ ಹಳದಿ ಬೆಳಕು ಕೊಡುವ ಪುಡಿಯ ಲೇಪ, ಅಷ್ಟೇ. ಆ ನೀಲಿ ಎಲ್‌ಇಡಿಗೇ ಅಕಾಸಾಕಿ, ಅಮಾನೊ, ನಕಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ಅದರಲ್ಲಿ ಬೆಳಕು ಹುಟ್ಟುವ ಪದರದ ದಪ್ಪ ಕೆಲವೇ ನ್ಯಾನೋಮೀಟರ್. ನಮ್ಮ ತಲೆಗೂದಲು ಸುಮಾರು 80,000 ನ್ಯಾನೋಮೀಟರ್ ದಪ್ಪ. ನೀಲಿ ಹೆಚ್ಚಿರುವ ದೀಪದಡಿ ಮುತ್ತಿನ ಕೆನೆ ಬಣ್ಣ ಅಡಗಿಬಿಡುತ್ತದೆ. ಈಗ ನೇರಳೆ ಚಿಪ್ ಮೇಲೆ ಹಲವು ಬಣ್ಣದ ಪುಡಿ ಲೇಪಿಸಿದ, ಹಗಲಿನ ಬೆಳಕಿಗೆ ಹತ್ತಿರದ ಎಲ್‌ಇಡಿಗಳೂ ಬಂದಿವೆ. ದೀಪ ಕೊಳ್ಳುವಾಗ ಡಬ್ಬಿಯ ಮೇಲೆ ಸಿಆರ್‌ಐ ಸಂಖ್ಯೆ ನೋಡಿ. 100ಕ್ಕೆ ಹತ್ತಿರವಾದಷ್ಟೂ ಬಣ್ಣ ನಿಜವಾಗಿ ಕಾಣುತ್ತದೆ.

ಮುತ್ತಿನ ಹೊಳಪೂ ಪದರಗಳದೇ ಆಟ. ಅರ್ಧ ಮೈಕ್ರೋಮೀಟರ್ ಆಸುಪಾಸು ದಪ್ಪದ ಸುಣ್ಣದ ಬಿಲ್ಲೆಗಳು, ನಡುವೆ ಪ್ರೋಟೀನಿನ ತೆಳು ಗಾರೆ. ಬಿಲ್ಲೆಯ ದಪ್ಪ ಬೆಳಕಿನ ಅಲೆಯ ಉದ್ದಕ್ಕೆ ಹತ್ತಿರ. ಹಾಗಾಗಿ ಪದರಪದರದಿಂದ ಮರಳುವ ಬೆಳಕು ಒಂದಕ್ಕೊಂದು ಬೆರೆತು ಬಣ್ಣ ಮಿನುಗುತ್ತದೆ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಸುಮಾರು 200 ನ್ಯಾನೋಮೀಟರಿಗಿಂತ ಚಿಕ್ಕದು ಬಿಡಿಯಾಗಿ ಕಾಣದು. ಬೆಳಕಿನ ಬದಲು ಎಲೆಕ್ಟ್ರಾನ್ ಬಳಸುವ ಸೂಕ್ಷ್ಮದರ್ಶಕದಲ್ಲಿ ಮಾತ್ರ ಆ ಗಾರೆಯೂ ಸೇರಿ ಇಟ್ಟಿಗೆ ಗೋಡೆಯಂತೆ ಎಲ್ಲವೂ ಸ್ಪಷ್ಟ.

ಸಮುದ್ರದ ಸಹಜ ಮುತ್ತಿಗೂ ಕಲ್ಚರ್ಡ್ ಮುತ್ತಿಗೂ ಈ ಗೋಡೆ ಒಂದೇ. ಅದೇ ಗಲ್ಫಿಗೆ ಮುಳುವಾಯಿತು. ಮಿಕಿಮೊಟೊ ಕೋಕಿಚಿ 1893ರಲ್ಲಿ ಅರೆಗುಂಡಿನ ಮುತ್ತು ಬೆಳೆಸಿದರು. 1920ರ ದಶಕದಲ್ಲಿ ಪೂರ್ತಿ ಗುಂಡಗಿನ ಜಪಾನಿ ಮುತ್ತು ಮಾರುಕಟ್ಟೆ ತುಂಬಿದಾಗ, ಮೂಗಿಗೆ ಕ್ಲಿಪ್ ಸಿಕ್ಕಿಸಿ ಮುಳುಗಿ ತಂದ ಬಹರೈನ್, ಕುವೈತ್, ದುಬೈ ಮುತ್ತಿಗೂ ಅದಕ್ಕೂ ಗಿರಾಕಿಯ ಕಣ್ಣಿಗೆ ಭೇದ ತಿಳಿಯಲಿಲ್ಲ. ಹಿಂದೆಯೇ ಜಗತ್ತಿನ ಆರ್ಥಿಕ ಕುಸಿತವೂ ಬಂತು. ಮೊದಲೇ ದೋಣಿಯ ನಾಖುದಾನಿಗೆ ಸಾಲಗಾರರಾಗಿದ್ದ ಮುಳುಗುಗಾರರ ಮನೆಯ ಒಲೆ ಆರಿತು. 1932ರಲ್ಲಿ ಬಹರೈನಿನಲ್ಲಿ ಎಣ್ಣೆ ಸಿಕ್ಕಿತು. ನಾವೆಲ್ಲ ಇಲ್ಲಿಗೆ ಬಂದದ್ದು ಆ ದಾರಿಯಲ್ಲೇ ಅಲ್ಲವೇ?

ಭೇದವಿರುವುದು ಮುತ್ತಿನ ಹೊಟ್ಟೆಯಲ್ಲಿ. ಜಪಾನಿ ಮುತ್ತಿನೊಳಗೆ ಚಿಪ್ಪಿನಿಂದ ಕಡೆದ ಗುಂಡು ಇರುತ್ತದೆ. ಎಕ್ಸ್‌ರೇ ಹಿಡಿದರೆ ಗೊತ್ತಾಗುತ್ತದೆ. ಕಲ್ಚರ್ಡ್ ಮುತ್ತಿನ ವ್ಯಾಪಾರಕ್ಕೆ ನಿಷೇಧವಿರುವ ಬಹರೈನಿನ ಪ್ರಯೋಗಾಲಯದಲ್ಲಿ ಇಂದಿಗೂ ಹೀಗೆ ಒಳಗನ್ನು ನೋಡಿಯೇ ತೀರ್ಮಾನ.

ನಾನು ಕೊಂಡ ಸರ ಕಲ್ಚರ್ಡ್ ಮುತ್ತಿನದೇ. ನಮ್ಮ ಸಂಬಳಕ್ಕೆ ಬೇರೆಯದು ಎಲ್ಲಿಂದ! ಮುಂದಿನ ಸಲ ಮಾತ್ರ ಹಗಲಲ್ಲೇ ಹೋಗಿ, ಸರವನ್ನು ಅಂಗಡಿಯ ಬಾಗಿಲ ನೆರಳಿಗೆ ತಂದು ನೋಡಿಯೇ ದುಡ್ಡು ಎಣಿಸುವವನು.