ಹಿತ್ತಿಲ ಬಾಗಿಲಿನ ಗಿಟಾರ್

ಮದುವೆಯಾಗಿ ನಾಲ್ಕು ವರ್ಷವಾದರೂ ನನಗೂ ಮಾವನಿಗೂ ನಡುವೆ ಇದ್ದದ್ದು ಎರಡೇ ಮಾತು. "ಊಟ ಆಯ್ತಾ ಮಾವ?" ಅಂತ ನಾನು. "ಆಫೀಸು ಹೇಗಿದೆ?" ಅಂತ ಅವರು. ಆಫೀಸು ಹೇಗಿದೆ ಅಂತ ವಿವರಿಸೋಕೆ ಹೊರಟರೆ ನನಗೇ ಆಕಳಿಕೆ ಬರುತ್ತೆ. ಇನ್ನು ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೂವತ್ತು ವರ್ಷ ಕಬ್ಬಿಣ ಉಜ್ಜಿದವರಿಗೆ ಏನನ್ನಿಸಬೇಡ! ಹೀಗಿರುವಾಗ ಕಳೆದ ದೀಪಾವಳಿಗೆ ಅವರ ಮನೆಗೆ ಹೋದವನು, ಹಿಂದಿನ ಶೆಡ್ಡಿನಲ್ಲಿ ಒರಗಿಸಿಟ್ಟಿದ್ದ ಹಳೇ ಬಾಗಿಲೊಂದನ್ನು ನೋಡಿ "ಇದು ನನಗೆ ಬೇಕಿತ್ತು" ಅಂದುಬಿಟ್ಟೆ.

"ಯಾಕೆ?"

"ಗಿಟಾರ್ ಮಾಡೋಕೆ."

ಅವರು ನನ್ನನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದರು. ಸಾಗರದ ಕಡೆಯ ಅವರ ಹಳೇ ಮನೆಯ ಹಿತ್ತಿಲ ಬಾಗಿಲು ಅದು. ಹಲಸಿನ ಮರ, ಎರಡು ಇಂಚು ದಪ್ಪ. ಮನೆ ಕೆಡವಿದಾಗ ಯಾಕೋ ಲಾರಿಗೆ ಹಾಕಿಸಿಕೊಂಡು ಬೆಂಗಳೂರಿಗೆ ತಂದಿದ್ದರಂತೆ. "ಗಿಟಾರ್ ಒಳಗೆ ಟೊಳ್ಳಲ್ವಾ?" ಅಂತ ಕೇಳಿದರು. ನಮ್ಮಿಬ್ಬರ ಮೂರನೇ ಮಾತು ಅದೇ.

ಎಲೆಕ್ಟ್ರಿಕ್ ಗಿಟಾರಿಗೆ ಟೊಳ್ಳು ಬೇಕಿಲ್ಲ. ಉಕ್ಕಿನ ತಂತಿಯ ಕೆಳಗೆ ಆಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿ ಸಾವಿರಾರು ಸುತ್ತು. ಇದಕ್ಕೆ ಪಿಕಪ್ ಅಂತಾರೆ. ಮೇಲಿನ ತಂತಿ ಅಲುಗಿದರೆ ಸುರುಳಿಯಲ್ಲಿ ಒಂದಿಷ್ಟು ವಿದ್ಯುತ್ ಹುಟ್ಟುತ್ತೆ, ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತೆ. ನನಗೆ ಬೇಕಿದ್ದದ್ದು 1950ರ ದಶಕದ ಟೆಲಿಕ್ಯಾಸ್ಟರ್ ಥರದ್ದು. ಆ ಕಾಲದ ಅಸಲಿ ಗಿಟಾರಿಗೆ ಈಗ ಹತ್ತಾರು ಲಕ್ಷ ಕೊಡಬೇಕು. ಹೆಂಡತಿ ಮಂಜೂರು ಮಾಡಿದ್ದು 15,000.

ಆದರೆ ಬಡವರ ಮನೆಯಲ್ಲಿ ಜೋಡಿಸೋಕೆ ಟೆಲಿಕ್ಯಾಸ್ಟರಿನಷ್ಟು ಒಗ್ಗುವ ಗಿಟಾರ್ ಇನ್ನೊಂದಿಲ್ಲ. ಅದನ್ನು ಮಾಡಿದ ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲರ್‌ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವನು. ಓದಿದ್ದು ಅಕೌಂಟ್ಸ್. ತಮಾಷೆ ಅಂದರೆ ಅವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಅದೇ ಒಳ್ಳೇದಾಯ್ತು ಅಂತ ನನ್ನ ಅನಿಸಿಕೆ. ರಿಪೇರಿಯವನ ಕಣ್ಣಿಂದ ನೋಡಿದ. ಮರದ ಚಪ್ಪಟೆ ಹಲಗೆ, ಅದಕ್ಕೆ ನಾಲ್ಕು ಸ್ಕ್ರೂ ಹಾಕಿ ಬಿಗಿದ ನೆಕ್. ನೆಕ್ ಸವೆಯಿತಾ, ಬಿಚ್ಚಿ ಬೇರೆ ಹಾಕು. 1950ರಲ್ಲಿ ಎರಡು ಪಿಕಪ್‌ನ ಮಾದರಿಗೆ ಬ್ರಾಡ್‌ಕ್ಯಾಸ್ಟರ್ ಅಂತ ಹೆಸರಿಟ್ಟ. ಗ್ರೆಚ್ ಕಂಪನಿಯ ಡ್ರಮ್ಮಿಗೆ ಆಗಲೇ ಅದೇ ಉಚ್ಚಾರದ ಹೆಸರಿತ್ತು, ಅವರು ತಕರಾರು ತೆಗೆದರು. ಹೊಸ ಹೆಸರು ಗೊತ್ತಾಗೋ ತನಕ ಅಂಟಿಸುವ ಚೀಟಿಯಲ್ಲಿ ಆ ಪದವನ್ನಷ್ಟೇ ಕತ್ತರಿಸಿ ಗಿಟಾರ್ ಮಾರಿದರು. 1951ರಲ್ಲಿ ಟೆಲಿಕ್ಯಾಸ್ಟರ್ ಆಯಿತು.

ಇದನ್ನೆಲ್ಲ ಹೇಳಿದಾಗ ಮಾವನಿಗೆ ಹಿಡಿಸಿದ್ದು ನಾಲ್ಕು ಸ್ಕ್ರೂ. "ಬುದ್ಧಿವಂತ" ಅಂದರು.

ಬಾಗಿಲಿನ ಬಗ್ಗೆ ಅವರಿಗಿದ್ದ ಅನುಮಾನ ಹೋಗಿದ್ದು ಬ್ರಿಯಾನ್ ಮೇ ಕಥೆಯಿಂದ. ಕ್ವೀನ್ ತಂಡದ ಗಿಟಾರ್ ವಾದಕ. 1963ರಲ್ಲಿ, ಹದಿಹರೆಯದಲ್ಲಿ, ದುಡ್ಡಿಲ್ಲದೆ ತಂದೆಯ ಜೊತೆ ಕೂತು ಮನೆಯಲ್ಲೇ ಗಿಟಾರ್ ಮಾಡಿದ. ನೆಕ್ಕಿಗೆ ಹಳೇ ಅಗ್ಗಿಷ್ಟಿಕೆಯ ಮೇಲಿನ ಮರದ ಪಟ್ಟಿ. ಹುಳ ಕೊರೆದ ತೂತುಗಳಿಗೆ ಬೆಂಕಿಕಡ್ಡಿ ತುಂಬಿದರು. ಸ್ಪ್ರಿಂಗು ಹಳೇ ಮೋಟರ್‌ಸೈಕಲ್ಲಿನದು. ಮೆಟ್ಟಿಲುಗಳ ನಡುವಿನ ಚುಕ್ಕೆಗಳು ಅಮ್ಮನ ಮುತ್ತುಚಿಪ್ಪಿನ ಗುಂಡಿಗಳು. ಎರಡು ವರ್ಷದಷ್ಟು ಹಿಡಿಯಿತು, ಆಮೇಲೆ ಜೀವಮಾನವಿಡೀ ಅದನ್ನೇ ನುಡಿಸಿದ. ಮಾವ ಕೇಳಿದ್ದು ಒಂದೇ: "ಅವರಪ್ಪ ಏನು ಕೆಲಸದಲ್ಲಿದ್ರು?" ಎಲೆಕ್ಟ್ರಾನಿಕ್ಸ್ ಗೊತ್ತಿದ್ದವರು, ಡ್ರಾಯಿಂಗ್ ಕೆಲಸ ಅಂದೆ. ತಲೆಯಾಡಿಸಿ ಒಳಗೆ ಹೋಗಿ ಸ್ಟೀಲ್ ಸ್ಕೇಲು, ವರ್ನಿಯರ್, ಸೆಂಟರ್ ಪಂಚು ತಂದರು. ಒಂದೊಂದೂ ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿತ್ತು.

ನೆಕ್ ಮಾತ್ರ ಕೊಂಡೆ, 5,200 ರೂಪಾಯಿ. ಇದನ್ನು ಮನೆಯಲ್ಲಿ ಮಾಡುತ್ತೇನೆ ಅಂತ ಹೊರಡುವವರಿಗೆ ನನ್ನ ಕೈ ಮುಗಿದ ವಿನಂತಿ: ಬೇಡ. ವೀಣೆಯ ಮೆಟ್ಟಿಲುಗಳನ್ನು ಕಿವಿಯಿಂದ ಕೇಳಿ ಮೇಣದಲ್ಲಿ ಕೂರಿಸುತ್ತಾರೆ, ತಪ್ಪಿದರೆ ಸರಿಸಬಹುದು. ಗಿಟಾರಿನಲ್ಲಿ ಮರ ಕೊಯ್ದು ಬಡಿದು ಕೂರಿಸುತ್ತಾರೆ. ಪ್ರತಿ ಮೆಟ್ಟಿಲೂ ಉಳಿದ ತಂತಿಯ ಉದ್ದವನ್ನು 17.817ರಿಂದ ಭಾಗಿಸಿದಷ್ಟು ಮುಂದೆ. ಟೆಲಿಕ್ಯಾಸ್ಟರಿನ ತಂತಿ 648 ಮಿ.ಮೀ., ಹಾಗಾಗಿ ಮೊದಲ ಮೆಟ್ಟಿಲು 36.4 ಮಿ.ಮೀ.ಗೆ. ಅರ್ಧ ಮಿ.ಮೀ. ಆಚೀಚೆಯಾದರೆ ಅಪಸ್ವರ. ಬ್ರಿಡ್ಜ್ ಮತ್ತು ಎರಡು ಪಿಕಪ್ಪಿಗೆ 4,100, ಬಿರಡೆಗಳಿಗೆ 2,300. ವಾಲ್ಯೂಮು, ಟೋನು, ಸ್ವಿಚ್ಚು, ಕೆಪಾಸಿಟರ್ ಎಲ್ಲಾ ಎಸ್.ಪಿ. ರೋಡಿನಲ್ಲಿ ಸಿಕ್ಕವು, 640 ರೂಪಾಯಿ. ಆಗಿನ ಗಿಟಾರಿನ ಮೇಲಿರುತ್ತಿದ್ದ ಕಪ್ಪು ಹಾಳೆಗೆ ನಾನು ಬಳಸಿದ್ದು ಸ್ವಿಚ್ ಬೋರ್ಡಿಗೆ ಹಾಕುವ ಹೈಲಮ್ ಶೀಟು, 150 ರೂಪಾಯಿ. ಪಕ್ಕದಲ್ಲಿಟ್ಟು ನೋಡದೆ ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ.

ಬಾಗಿಲಿನ ಎರಡು ಹಲಗೆಗಳನ್ನು ಅಂಟಿಸಿ, ಬಡಗಿಯ ಹತ್ತಿರ ಒಂದೂಮುಕ್ಕಾಲು ಇಂಚಿಗೆ ಇಳಿಸಿ, ಆಕಾರ ಕೊಯ್ಸಿ, ಗುಂಡಿ ತೆಗೆಸಿಕೊಂಡು ಬಂದೆ. ಎಮರಿ ಪೇಪರ್ ಹಾಕಿ ಉಜ್ಜಿದಾಗ ನೂರು ವರ್ಷದ ಹೊಗೆಯ ಕೆಳಗಿಂದ ಹಳದಿ ಬಂತು ನೋಡಿ! ಹಲಸಿನ ಮರದ ಹಳದಿ. ಹಳೇ ಟೆಲಿಕ್ಯಾಸ್ಟರುಗಳ ಬಣ್ಣವೂ ಹಾಗೇ, ವಾರ್ನಿಷು ಹಳತಾಗಿ ಬೆಣ್ಣೆ ಕಾಯಿಸಿದ ಬಣ್ಣಕ್ಕೆ ತಿರುಗಿದ್ದು. ನಾನು ಬಣ್ಣದ ಖರ್ಚನ್ನೇ ಹೊಡೆದುಹಾಕಿ ಅರಗಿನ ಪಾಲಿಶ್ ಮಾತ್ರ ಕೊಟ್ಟೆ.

ಆಮೇಲೆ ತಪ್ಪು ಮಾಡಿದೆ. ಒಂದು ಭಾನುವಾರ ಮಾವ ಮದುವೆಗೆ ಹೋಗಿದ್ದರು. ತಾಳ್ಮೆಯಿಲ್ಲದೆ, ಹಲಗೆಯ ಎರಡೂ ಅಂಚಿನಿಂದ ಅಳೆದು ನಡುಗೆರೆ ಎಳೆದು ಬ್ರಿಡ್ಜಿಗೆ ತೂತು ಕೊರೆದೆ. ತಂತಿ ಕಟ್ಟಿ ನೋಡಿದರೆ ಅತಿ ಸಣ್ಣ ತಂತಿ ನೆಕ್ಕಿನ ಅಂಚಿನಿಂದ ಹೊರಗೇ ಜಾರುತ್ತಿದೆ. ಹೊಟ್ಟೆಯಲ್ಲಿ ತಣ್ಣಗಾಯಿತು. ಬೇರೆ ಮರ ಆಗಿದ್ದರೆ ಬಿಸಾಡಿ ಇನ್ನೊಂದು ತರಬಹುದಿತ್ತು. ಆ ಬಾಗಿಲು ಇನ್ನೆಲ್ಲಿಂದ ತರೋದು?

ಮಾವ ಬಂದು ನೋಡಿದರು. ಬೈಯಲಿಲ್ಲ. "ಯಾವುದರಿಂದ ಅಳೆದ್ರಿ?" ಅಂದರು. ಅಂಚಿಂದ ಅಂದೆ. "ಕೈಯಲ್ಲಿ ಕೊಯ್ದಿದ್ದರ ಅಂಚು ನಂಬಬಾರದು ಅಳಿಯಂದ್ರೇ. ನೆಕ್ ಮೊದಲು ಕೂರಿಸಿ, ಅದರ ಎರಡೂ ಬದಿಯಿಂದ ದಾರ ಎಳೀರಿ. ದಾರ ಎಲ್ಲಿ ಹೋಗುತ್ತೋ ಅಲ್ಲಿ ಬ್ರಿಡ್ಜು." ಎಳೆದೆವು. ನಾಲ್ಕು ಮಿ.ಮೀ. ಪಕ್ಕಕ್ಕಿತ್ತು. ಹಳೇ ತೂತುಗಳಿಗೆ ಅದೇ ಬಾಗಿಲಿನ ಚೂರಿನಿಂದ ಬೆಣೆ ಮಾಡಿ, ಅಂಟು ಹಾಕಿ ಬಡಿದು, ಸಮ ಕೊಯ್ದೆವು. ಪಿಕಪ್ಪಿನ ಗುಂಡಿಯನ್ನೂ ಉಳಿಯಿಂದ ಅಷ್ಟು ಅಗಲ ಮಾಡಬೇಕಾಯಿತು. ಹೊಸ ಗುರುತಿಗೆ ಪಂಚ್ ಹಾಕಲು ಅವರು ಕೂತರು.

ಆಗ ನೋಡಿದೆ. ಬಲಗೈ ನಡುಗುತ್ತಿತ್ತು. ಪಂಚಿನ ಮೊನೆ ಗುರುತಿನ ಸುತ್ತ ಸುತ್ತುತ್ತಿತ್ತು, ಮೇಲೆ ನಿಲ್ಲುತ್ತಿರಲಿಲ್ಲ. ಎರಡು ಸಲ ಎತ್ತಿದರು, ಇಳಿಸಿದರು. ಆಮೇಲೆ ಪಂಚನ್ನು ನನ್ನ ಕಡೆ ಚಾಚಿದರು. "ನೀವು ಹೊಡೀರಿ. ನಾನು ಹೇಳ್ತೀನಿ."

ಹೊಡೆದೆ. ಅವರು ವರ್ನಿಯರ್ ಹಿಡಿದು, ಎಡಗೈಯಲ್ಲಿ ಬಲಗೈ ಒತ್ತಿಕೊಂಡು ಅಳೆದು "ಸರಿ" ಅಂದರು.

"ಎಷ್ಟು ದಿನದಿಂದ ಮಾವ?"

"ಒಂದು ವರ್ಷ ಆಗಿರಬೇಕು. ಅವಳಿಗೆ ಹೇಳಬೇಡಿ, ಗಾಬರಿ ಬೀಳ್ತಾಳೆ."

ಹೆಂಡತಿಯಿಂದ ಮುಚ್ಚಿಟ್ಟ ಖರ್ಚುಗಳಿದ್ದವು, ಒಪ್ಪಿಕೊಳ್ತೀನಿ. ಆದರೆ ಇದು ಬೇರೆ. "ಗಿಟಾರ್ ಮುಗಿಯೋ ತನಕ ಸುಮ್ಮನಿರ್ತೀನಿ. ಆಮೇಲೆ ನೀವೇ ಹೇಳಬೇಕು" ಅಂದೆ. ಅವರು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಆ ಎರಡು ವಾರ ಮನೆಯಲ್ಲಿ ಅವಳ ಮುಖ ನೋಡಿ ಮಾತಾಡೋದೇ ಕಷ್ಟವಾಗಿತ್ತು. ಕೆಲಸ ಬೇಗ ಮುಗಿಸಿದೆ, ಅದಕ್ಕೇ.

ಮೊದಲ ಸಲ ಆಂಪ್ಲಿಫೈಯರಿಗೆ ಹಾಕಿದಾಗ ಬಂದದ್ದು ಸಂಗೀತವಲ್ಲ, ಜೇನುಗೂಡಿನ ಸದ್ದು. ಕಂಟ್ರೋಲಿನ ಲೋಹದ ತಗಡು ಮುಟ್ಟಿದರೆ ಕಡಿಮೆಯಾಗುತ್ತಿತ್ತು, ತಂತಿ ಮುಟ್ಟಿದರೆ ಇಲ್ಲ. "ಅರ್ತ್ ಎಲ್ಲಿ ಕೊಟ್ಟಿದ್ದೀರಿ ಬ್ರಿಡ್ಜಿಗೆ?" ಅಂತ ಮಾವ ಕೇಳಿದರು. ಕೊಟ್ಟೇ ಇರಲಿಲ್ಲ. ಒಂದು ತುಂಡು ವೈರು ಬ್ರಿಡ್ಜಿನ ಅಡಿಗೆ ಸಿಕ್ಕಿಸಿ, ಇನ್ನೊಂದು ತುದಿ ವಾಲ್ಯೂಮಿನ ಬೆನ್ನಿಗೆ ಬೆಸುಗೆ ಹಾಕಿದ ಮೇಲೆ ತಂತಿ ಮುಟ್ಟಿದರೆ ಸದ್ದು ಅಡಗಿತು. ಮೀಟಿದೆ. ಹನ್ನೆರಡನೇ ಮೆಟ್ಟಿಲಲ್ಲಿ ಒತ್ತಿ ನುಡಿಸಿದ್ದೂ, ಒತ್ತದೆ ಬರೀ ಮುಟ್ಟಿ ಎಬ್ಬಿಸಿದ್ದೂ ಒಂದೇ ಸ್ವರ. ಅಳತೆ ಸರಿ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಮಾವ ಮಗಳಿಗೆ ಹೇಳಿದರು. ಅವಳು ತಟ್ಟೆ ಬಿಟ್ಟೆದ್ದು ನನ್ನ ಮೇಲೇ ಮೊದಲು ಹರಿಹಾಯ್ದಳು. ಬೇಕಾಗಿತ್ತು ನನಗೆ. ಈಗ ನರರೋಗದ ಡಾಕ್ಟರ ಹತ್ತಿರ ತೋರಿಸಿ ಮಾತ್ರೆ ಶುರುವಾಗಿದೆ, ಮುಂದಿನ ತಿಂಗಳು ಮತ್ತೆ ಹೋಗಬೇಕು.

ಗಿಟಾರಿನ ಲೆಕ್ಕ ಕೊನೆಗೆ 16,940ಕ್ಕೆ ನಿಂತಿತು. ಹಿಂಬದಿಯಲ್ಲಿ ಬಾಗಿಲಿನ ಚಿಲಕದ ತೂತು ಹಾಗೇ ಇದೆ, ಮುಚ್ಚೋಣ ಅಂದರೆ ಮಾವ ಬಿಡಲಿಲ್ಲ. ಈಗ ಭಾನುವಾರ ಫೋನು ಮಾಡಿ ಆಫೀಸಿನ ವಿಷಯ ಕೇಳುವುದಿಲ್ಲ. "ನೆಕ್ ಬಗ್ಗಿದೆಯಾ? ಮಳೆಗಾಲ, ನೋಡ್ಕೊಳ್ಳಿ" ಅಂತಾರೆ.